ಅಕ್ಕನ ಟ್ಯಾಬಿಗೆ ನಾನು ತಂದ ಚಾರ್ಜರು

ಯಾರ ಮನೆಗೆ ಹೋದರೂ ಗೋಡೆಯ ಪ್ಲಗ್ಗಿನಲ್ಲಿ ನೇತಾಡುವ ಚಾರ್ಜರನ್ನು ಕಿತ್ತು, ತಿರುವಿ, ಅದರ ಬೆನ್ನಮೇಲಿನ ಸಣ್ಣಕ್ಷರ ಓದುವ ಚಟ ನನಗೆ ಅಂಟಿಕೊಂಡಿದೆ. ಮರ್ಯಾದೆಯ ಚಟವೇನಲ್ಲ. ಕಳೆದ ತಿಂಗಳು ತೆಕ್ಕಲಕೋಟೆಯಲ್ಲಿ ಬೀಗರ ಮನೆಯ ಸೀಮಂತಕ್ಕೆ ಹೋಗಿದ್ದೆವು. ಎಲ್ಲರೂ ಬಸುರಿಯ ಸುತ್ತ ಕೂತು ಹಾಡು ಹೇಳುತ್ತಿದ್ದರೆ ನಾನೊಬ್ಬ ಕನ್ನಡಕವನ್ನು ಹಣೆಗೇರಿಸಿಕೊಂಡು, ಅವರ ಮನೆಯ ಚಾರ್ಜರನ್ನು ಮೂಗಿನ ಹತ್ತಿರ ಹಿಡಿದು ಕಿಟಕಿಯ ಬೆಳಕಿಗೆ ನಿಂತಿದ್ದೆ.

ಹೆಂಡತಿ ಬಂದು ಮೊಣಕೈ ತಿವಿದಳು. “ಅದೇನು ಜಾತಕ ಐತೇನ್ರಿ, ಹಂಗ ನೋಡಾಕ? ಮೊದಲು ಗ್ವಾಡಿಗೆ ಚುಚ್ಚಿ ಬರ್ರಿ, ಮಂದಿ ನೋಡಾಕ ಹತ್ಯಾರ.”

ಸಿರುಗುಪ್ಪದ ನಮ್ಮ ಓಣಿಯಲ್ಲಂತೂ ಇದು ಎಲ್ಲರಿಗೂ ಗೊತ್ತಾಗಿಹೋಗಿದೆ. ಟ್ಯಾಬಿಗೆ ಹೊಸ ಚಾರ್ಜರು ಕೊಳ್ಳುವವರು, ವೈರು ಕೊಳ್ಳುವವರು, ನನ್ನನ್ನು ಒಂದು ಮಾತು ಕೇಳುತ್ತಾರೆ. ಕೇಳಿ ಪಶ್ಚಾತ್ತಾಪ ಪಡುತ್ತಾರೆ. ಯಾಕೆಂದರೆ ನಾನು ಅರ್ಧ ಗಂಟೆ ಬಿಡುವುದಿಲ್ಲ. ಡಬ್ಬಿಯ ಮೇಲಿನ ದೊಡ್ಡ ಅಂಕಿ ನಂಬಬೇಡಿ, ಚಾರ್ಜರಿನ ಮೈಮೇಲೆ ಇರುವೆಯ ಗಾತ್ರದ ಅಕ್ಷರದಲ್ಲಿ ಬರೆದಿರುತ್ತದಲ್ಲ, ಅದನ್ನು ಓದಿ. ಎಷ್ಟು ವೋಲ್ಟು, ಎಷ್ಟು ಆಂಪಿಯರು, ಎರಡನ್ನೂ ಗುಣಿಸಿ ನೋಡಿ. ಬೇಗ ಚಾರ್ಜಾಗಬೇಕೆಂದರೆ ಟ್ಯಾಬು, ಚಾರ್ಜರು, ವೈರು ಮೂರೂ ಒಪ್ಪಬೇಕು; ಒಂದು ಮುನಿಸಿಕೊಂಡರೂ ಮಿಕ್ಕ ಎರಡು ಸುಮ್ಮನೆ ಕೂರುತ್ತವೆ. ಕೈಯಲ್ಲಿ ಹಿಡಿದರೆ ಬೆಂಕಿಪೊಟ್ಟಣದ ಹಾಗೆ ಹಗುರ ಇರುವುದು ಬೇಡವೇ ಬೇಡ. ಒರಿಜಿನಲ್ಲೇ ಆಗಬೇಕೆಂದೇನಿಲ್ಲ, ಬೇರೆ ಕಂಪನಿಯವರೂ ಒಳ್ಳೆಯದನ್ನು ಮಾಡುತ್ತಾರೆ, ಆದರೆ ಅಂಗಡಿಯಲ್ಲೇ ಹಾಕಿ ನೋಡಿ ತನ್ನಿ. ಹಾಕಿ, ಟೈಪು ಮಾಡಿ ನೋಡಿ. ಈ ಕೊನೆಯ ಮಾತನ್ನು ನಾನು ಎರಡು ಸಲ ಹೇಳುತ್ತೇನೆ. ಕೇಳುವವರು ಆ ಹೊತ್ತಿಗೆ ಚಪ್ಪಲಿ ಮೆಟ್ಟಿರುತ್ತಾರೆ.

ಮಾಸ್ತರು ಇಷ್ಟೆಲ್ಲ ಎಲ್ಲಿ ಕಲಿತರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದ್ದರೆ ನಮ್ಮ ಅಕ್ಕನ ವಿಷಯ ಹೇಳಬೇಕಾಗುತ್ತಿತ್ತು. ಇವತ್ತು ನೀವು ಕೇಳದೆಯೇ ಹೇಳುತ್ತೇನೆ.

ಅಕ್ಕ ಈರಮ್ಮ ನನಗಿಂತ ಆರು ವರ್ಷ ದೊಡ್ಡವಳು. ನಾವು ಚಿಕ್ಕವರಿದ್ದಾಗ ಅಪ್ಪನ ಹತ್ತಿರ ಮೂರು ಸೆಲ್ಲಿನ ಟಾರ್ಚು ಇತ್ತು, ಗದ್ದೆಗೆ ನೀರು ಕಟ್ಟಲು ಹೋಗುವಾಗ ಹಿಡಿದು ಹೋಗುವುದು. ಸೆಲ್ಲು ಸತ್ತವೆಂದು ಅಪ್ಪ ಎಸೆದರೆ ಅಕ್ಕ ಆರಿಸಿಕೊಂಡು ಮಾಳಿಗೆ ಹತ್ತುತ್ತಿದ್ದಳು. ಅಲ್ಲಿ ಮೆಣಸಿನಕಾಯಿ ಒಣಗಿಸಿದ ಚಾದರದ ಅಂಚಿನಲ್ಲಿ ಅವನ್ನು ಸಾಲಾಗಿ ಮಲಗಿಸಿ, “ಬಿಸಿಲು ಕುಡೀಲಿ” ಅನ್ನುತ್ತಿದ್ದಳು. ಮೂರು ದಿನ ಬಿಸಿಲು ಕುಡಿದ ಸೆಲ್ಲು ಹಾಕಿದರೆ ಬಲ್ಬಿನೊಳಗೆ ಒಂದು ಕೆಂಪು ಎಳೆ ಕಾಣುತ್ತಿತ್ತು, ಅಷ್ಟೇ. ಆ ಕೆಂಪು ಎಳೆಗೆ ನಾನು ಕುಣಿಯುತ್ತಿದ್ದೆ. ವಿಜ್ಞಾನದ ಪದವಿ ಮಾಡಿ ಸಿರುಗುಪ್ಪದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಓಮನ ನಿಯಮ ಹೇಳಿಕೊಟ್ಟವನಿಗೆ ಮೊದಲ ಪಾಠ ಹೇಳಿದವಳು ಪಿಯುಸಿ ದಾಟದ ಇವಳು.

ಅವಳು ಬಸ್ ಕಂಡಕ್ಟರಾದಳು. ಬಳ್ಳಾರಿಯಿಂದ ಕುರುಗೋಡು, ಬಳ್ಳಾರಿಯಿಂದ ಸಿರುಗುಪ್ಪ, ಹಚ್ಚೊಳ್ಳಿ, ಎಲ್ಲಿಗೆ ಹಾಕಿದರೆ ಅಲ್ಲಿಗೆ. ನಾಟಿಯ ಕಾಲದಲ್ಲಿ ಗದ್ದೆಗೆ ಹೋಗುವ ಹೆಂಗಸರು ಬಸ್ಸು ತುಂಬಿ, ಮೂರು ಊರಿನ ಸುದ್ದಿಯನ್ನು ಒಟ್ಟಿಗೆ ಮಾತಾಡುತ್ತಿದ್ದರೆ, ಆ ಗದ್ದಲದ ನೆತ್ತಿಯ ಮೇಲೆ ಅಕ್ಕನ ಧ್ವನಿ ನಡೆಯುತ್ತಿತ್ತು. ಗಡಿಯಾಚೆಯವರಿಗೆ ತೆಲುಗು, ಸಾಹೇಬರಿಗೆ ಉರ್ದು, ಫುಟ್‌ಬೋರ್ಡಿನ ಮೇಲೆ ನಿಂತವರಿಗೆ ಕನ್ನಡವೂ ಸೇರಿ ಮೂರೂ ಬೆರೆಸಿದ ಬೈಗುಳ. ನನ್ನ ಶಾಲೆಯ ಹುಡುಗರು, “ಸಾರ್, ನಿಮ್ಮಕ್ಕನ ಬಸ್ಸಿನ್ಯಾಗ ಬಂದ್ವಿ” ಎಂದರೆ ಅವತ್ತು ಅವಳಿಂದ ಬೈಸಿಕೊಂಡು ಬಂದಿದ್ದಾರೆ ಎಂದೇ ಅರ್ಥ.

ನಿವೃತ್ತಿಗೆ ಎರಡು ವರ್ಷವಿದ್ದಾಗ ಆ ಗಂಟಲಿಗೇ ಕ್ಯಾನ್ಸರ್ ಬಂತು. ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆ ತೆಗೆದರು, ಉಸಿರಾಡಲು ಕುತ್ತಿಗೆಯಲ್ಲಿ ಒಂದು ತೂತು ಇಟ್ಟರು. ಆಮೇಲೆ ‘ಕರೆಂಟು’ ಕೊಟ್ಟರು. ನಮ್ಮ ಕಡೆ ರೇಡಿಯೇಶನ್ನಿಗೆ ಹಾಗೆಯೇ ಹೇಳುವುದು. ಅದರ ಜೊತೆ ಕೊಟ್ಟ ಔಷಧಿಗೆ ಬೆರಳ ತುದಿಗಳು ಜೋಮು ಹಿಡಿದವು. ಪೆನ್ನು ಹಿಡಿದರೆ ಜಾರುತ್ತಿತ್ತು. ಬರೆದರೆ ಹುಳ ಹರಿದ ಹಾಗೆ ಗೆರೆ ಬೀಳುತ್ತಿತ್ತು, ಓದಲು ಬರುತ್ತಿರಲಿಲ್ಲ. ಆದರೆ ಒಂದು ಬೆರಳಿನಿಂದ ದೊಡ್ಡ ಅಕ್ಷರ ಒತ್ತಬಲ್ಲವಳಾಗಿದ್ದಳು.

ನಾನು ಪಾಠಕ್ಕೆಂದು ಕೊಂಡು ನಾಲ್ಕಾರು ವರ್ಷ ಬಳಸಿದ ಟ್ಯಾಬೊಂದಿತ್ತು. ಬರೆದದ್ದನ್ನು ಓದಿ ಹೇಳುವ ಆ್ಯಪು ಹಾಕಿ ಅಕ್ಕನಿಗೆ ಕೊಟ್ಟೆ. ಆಗ ಅವಳು ಕುರುಗೋಡಿನಲ್ಲಿ ಮಗಳು ರೇಣುಕಾಳ ಮನೆಯಲ್ಲಿದ್ದಳು. ರೇಣುಕಾ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಟ್ಯಾಬಿನೊಳಗಿನ ಹೆಂಗಸು ಅಕ್ಕನ ಭಾಷೆಯನ್ನು ವಾರ್ತೆ ಓದುವವಳ ಹಾಗೆ, ಏರಿಳಿತವಿಲ್ಲದೆ ಹೇಳುತ್ತಿದ್ದಳು. “ಚಾ. ಮಾಡಿದಿ. ಏನ್ಲೇ. ರೇಣಿ.” ಅಕ್ಕನಿಗೆ ನಗು. ಬೈಯಬೇಕಾದರೆ ಅದೇ ವಾಕ್ಯವನ್ನು ಐದು ಸಲ ಒತ್ತುತ್ತಿದ್ದಳು. ಧ್ವನಿ ಏರಿಸಲು ಅವಳಿಗೆ ಉಳಿದಿದ್ದ ದಾರಿ ಅದೊಂದೇ.

ಹಳೆಯ ಟ್ಯಾಬು, ಬ್ಯಾಟರಿ ನಿಲ್ಲುತ್ತಿರಲಿಲ್ಲ. ಮುಂಜಾನೆ ಒಂದಿಷ್ಟು ಹೊತ್ತು ಬಂದರೆ ಹೆಚ್ಚು, ಆಮೇಲೆ ವೈರು ಚುಚ್ಚಿಕೊಂಡೇ ಮಾತಾಡಬೇಕು. ಹಾಗೆ ಎಳೆದಾಡಿ ಎಳೆದಾಡಿ ವೈರಿನ ಕುತ್ತಿಗೆ ಹರಿಯಿತು, ಒಂದು ದಿನ ಚಾರ್ಜರೂ ಸುಮ್ಮನಾಯಿತು. ಹೊಸದು ತರಲು ನಾನು ಬಳ್ಳಾರಿಗೆ ಹೋದೆ.

ಬಸ್ ನಿಲ್ದಾಣದ ಹತ್ತಿರದ ಸಾಲಿನಲ್ಲಿ ಒಂದು ಮೊಬೈಲ್ ಅಂಗಡಿ. ಗಲ್ಲಾಪೆಟ್ಟಿಗೆಯ ಹಿಂದೆ ನಲವತ್ತರ ಆಸುಪಾಸಿನ ಹೆಂಗಸು, ಪದ್ಮಾವತಿ ಎಂದು ಆಮೇಲೆ ತಿಳಿಯಿತು. ಟ್ಯಾಬು ಯಾವುದು ಎಂದು ಕೇಳಿ, ಒಂದು ಚಾರ್ಜರು, ಒಂದು ದಪ್ಪ ವೈರು ತೆಗೆದಿಟ್ಟಳು. ಬೆಲೆ ಕೇಳಿ ನನಗೆ ಹೆಚ್ಚೆನಿಸಿತು. ಪಕ್ಕದ ಬಂಡಿಯಲ್ಲಿ ‘ಸೂಪರ್ ಫಾಸ್ಟ್’ ಎಂದು ಕೆಂಪಕ್ಷರದಲ್ಲಿ ಬರೆದ, ಅರವತ್ತೈದು ವ್ಯಾಟಿನ ಡಬ್ಬಿ ಇದರ ಅರ್ಧ ಬೆಲೆಗೆ ಇತ್ತು.

“ಅಲ್ಲಿ ಅರವತ್ತೈದು ಐತಿ, ನಿಮ್ದು ಬರೀ ಇಪ್ಪತ್ತೈದು. ಇದಕ್ಯಾಕ ಇಷ್ಟು?” ಎಂದೆ.

“ಡಬ್ಬಿ ಮ್ಯಾಲಿಂದು ಓದಬ್ಯಾಡ್ರಿ ಸಾರ್. ಡಬ್ಬಿ ಯಾರು ಬೇಕಾದ್ರೂ ಅಚ್ಚು ಹಾಕಸ್ತಾರ. ಚಾರ್ಜರಿನ ಮೈಮ್ಯಾಲಿಂದು ಓದ್ರಿ.”

“ಏನಮ್ಮಾ, ಮೂವತ್ತು ವರ್ಷ ಸೈನ್ಸ್ ಹೇಳೀನಿ ನಾನು.”

ಅವಳು ತಲೆ ಬಗ್ಗಿಸಿ ತನ್ನ ಚಾರ್ಜರನ್ನು ಡಬ್ಬಿಯೊಳಗೆ ಇಟ್ಟುಕೊಂಡಳು. “ಹೌದ್ರೀ ಸಾರ್” ಎಂದಳು, ಅಷ್ಟೇ. ನಾನು ಬಂಡಿಯದನ್ನು ಕೊಂಡು, ಉಳಿದ ದುಡ್ಡಿಗೆ ಒಂದು ಪ್ಲೇಟು ಮೆಣಸಿನಕಾಯಿ ಬಜ್ಜಿ ತಿಂದು, ಗೆದ್ದವನ ಹಾಗೆ ಕುರುಗೋಡಿನ ಬಸ್ಸು ಹತ್ತಿದೆ. ಕನ್ನಡಕ ಜೇಬಿನಲ್ಲೇ ಇತ್ತು. ಸಣ್ಣಕ್ಷರ ಓದಲಿಲ್ಲ.

ಹತ್ತು ಹದಿನೈದು ದಿನ ಕಳೆದಿರಬಹುದು. ರೇಣುಕಾ ಫೋನು ಮಾಡಿದಳು. “ಮಾವಾ, ಅವ್ವ ಏನೇನೋ ಬರ್ಯಾಕ ಹತ್ಯಾಳ. ಮುಂಜಾನಿ ಚಂದಾಗಿ ಮಾತಾಡಿರ್ತಾಳ, ಮಧ್ಯಾಹ್ನಾ ನೋಡಿದ್ರ ಅರ್ಥ ಇಲ್ಲ, ಪಾಡಿಲ್ಲ. ಕೇಳಿದ್ರ ಟ್ಯಾಬ್ ಕುಕ್ಕತಾಳ, ಅಳತಾಳ.”

ಭಾನುವಾರ ಹೋದೆ. ಅಕ್ಕ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು, ವೈರು ಪಕ್ಕದ ಪ್ಲಗ್ಗಿಗೆ. ನನ್ನನ್ನು ನೋಡಿ ಏನೋ ಒತ್ತಿದಳು. ಟ್ಯಾಬಿನ ಹೆಂಗಸು, “ಬಬಬ ಕಗಡಡ ಜ ಹಹಹ” ಎಂದಳು. ಅಕ್ಕ ಅಳಿಸಿದಳು, ಮತ್ತೆ ಒತ್ತಿದಳು. ಮತ್ತೆ ಅದೇ ಥರ. ಕಾಗದ ಕೊಟ್ಟೆವು, ಹುಳ ಹರಿದ ಗೆರೆ. ಅಕ್ಕ ಟ್ಯಾಬನ್ನು ತೋರಿಸಿ ಬೆರಳಾಡಿಸಿದಳು, ನನ್ನ ಕಡೆ ತೋರಿಸಿದಳು, ಹಣೆ ಬಡಿದುಕೊಂಡಳು. ಇದು ಕೆಟ್ಟಿದೆ, ನೀನು ತಂದದ್ದು ಕೆಟ್ಟಿದೆ ಎಂದು ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳಬೇಕು? ನಾನು ರೇಣುಕಾಳನ್ನು ಅಂಗಳಕ್ಕೆ ಕರೆದು, “ರೋಗ ತಲಿಗೆ ಏರೇತಿ ಅನಸ್ತೈತಿ” ಎಂದೆ. ಅವಳು ಸೆರಗು ಬಾಯಿಗೆ ಹಿಡಿದು ಅತ್ತಳು. ಒಳಗೆ ಅಕ್ಕ ಗೋಡೆಗೆ ಕೈ ಬಡಿಯುವ ಸದ್ದು ಕೇಳುತ್ತಿತ್ತು.

ಅದಾಗಿ ಸ್ವಲ್ಪ ದಿನಕ್ಕೆ ಕುತ್ತಿಗೆಯ ಪಕ್ಕ ಹೊಸ ಗಂಟು ಕಾಣಿಸಿತು. ಮತ್ತೆ ಬಳ್ಳಾರಿಗೆ ಕರೆದೊಯ್ದೆವು. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ನಿಧಾನವಾಗಿ, ಮುಚ್ಚಿಡದೆ ಮಾತಾಡುವವರು. “ಇನ್ನೊಂದು ಔಷಧಿ ಇದೆ, ಸೂಜಿಯಲ್ಲಿ ಕೊಡುವಂಥದ್ದು. ಗುಣ ಆಗೋದಿಲ್ಲ. ಕೆಲವು ತಿಂಗಳು ಹೆಚ್ಚಿಗೆ ಸಿಗಬಹುದು, ಸಿಗದೆಯೂ ಇರಬಹುದು. ಬಾಯಿ ತುಂಬ ಹುಣ್ಣಾಗ್ತದೆ, ನಿಶ್ಶಕ್ತಿ ಆಗ್ತದೆ. ಬೇಡ ಅಂದರೂ ಸರಿ, ನೋವಿಗೆ ಔಷಧಿ ಕೊಟ್ಟು ಮನೆಗೆ ಕಳಿಸ್ತೇವೆ. ಅವರನ್ನೇ ಕೇಳಿ.”

ವಾರ್ಡಿನ ಪ್ಲಗ್ಗಿಗೆ ಚಾರ್ಜರು ಚುಚ್ಚಿ ಟ್ಯಾಬನ್ನು ಅಕ್ಕನ ತೊಡೆಯ ಮೇಲಿಟ್ಟೆ. ಅಕ್ಕ ಬಹಳ ಹೊತ್ತು ಒತ್ತಿದಳು. ಟ್ಯಾಬು ಬಡಬಡಿಸಿತು. ಪಕ್ಕದ ಮಂಚದವರು ತಿರುಗಿ ನೋಡಿದರು. ಡಾಕ್ಟರು ಕೇಳಿದರು, “ಇವರಿಗೆ ನಾವು ಹೇಳೋದು ಅರ್ಥ ಆಗ್ತಿದೆಯಾ?”

“ಇತ್ತಿತ್ಲಾಗ ಹಿಂಗ ಆಗೇತ್ರಿ” ಎಂದೆ.

ಅಕ್ಕ ಟ್ಯಾಬನ್ನು ಬದಿಗೆ ತಳ್ಳಿ ತಲೆಯನ್ನು ಅತ್ತಿತ್ತ ಅಲ್ಲಾಡಿಸಿದಳು. ಜೋರಾಗಿ, ತೂತಿನ ಮೇಲಿನ ಬಟ್ಟೆ ಜಾರುವ ಹಾಗೆ. ತುಟಿ ಒಮ್ಮೆ ಮುಚ್ಚಿ, ತೆರೆಯಿತು. ನಾನು ಅವಳ ಭುಜ ಹಿಡಿದು, “ಹೆದರಬ್ಯಾಡಕ್ಕ, ನಾವಿಲ್ಲೇ ಅದೀವಿ” ಎಂದೆ. ಮತ್ತೆ ಅಲ್ಲಾಡಿಸಿದಳು. “ಹೆದರ್ಯಾಳ್ರಿ” ಎಂದು ಡಾಕ್ಟರಿಗೆ ವಿವರಿಸಿದೆ. ಒಪ್ಪಿಗೆಯ ಕಾಗದಕ್ಕೆ ಸಹಿ ಕೇಳಿದಾಗ ರೇಣುಕಾ ನನ್ನ ಮುಖ ನೋಡಿದಳು. “ಮಾಡಸೂಣು. ಕೈ ಬಿಡಾಕ ಆಗತೈತೇನು?” ಎಂದೆ. ಅವಳು ಸಹಿ ಹಾಕಿದಳು, ಕೆಳಗೆ ಸಾಕ್ಷಿಯಾಗಿ ನಾನು ಹಾಕಿದೆ. ನನ್ನ ಸಹಿ ದುಂಡಗಿದೆ; ಶಾಲೆಯಲ್ಲಿ ಎಲ್ಲರೂ ಹೊಗಳುತ್ತಿದ್ದರು.

ಮೂರು ಸುತ್ತು ಸೂಜಿಯಾಯಿತು, ಎರಡೂವರೆ ತಿಂಗಳು. ಡಾಕ್ಟರು ಹೇಳಿದ್ದೆಲ್ಲ ಆಯಿತು. ಅದಕ್ಕೆ ಮುಂಚೆ ಅಕ್ಕ ಮೆತ್ತಗಿನ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಕೊಂಡು, ಪುಂಡಿಪಲ್ಲೆ ಹಚ್ಚಿಕೊಂಡು, ಒಂದು ಗಂಟೆ ಹಿಡಿದರೂ ಉಣ್ಣುತ್ತಿದ್ದಳು. ಈಗ ನಾಲಿಗೆ, ಒಸಡು, ಕೆನ್ನೆಯ ಒಳಗೆಲ್ಲ ಹುಣ್ಣು. ಅಂಬಲಿ ಕೂಡ ಉರಿಯುತ್ತಿತ್ತು. ಟ್ಯಾಬನ್ನು ಮುಟ್ಟುವುದನ್ನು ಬಿಟ್ಟಳು. ನಾವೂ ಅದನ್ನು ಅವಳ ಹತ್ತಿರ ಇಡುವುದನ್ನು ಬಿಟ್ಟೆವು. ಅವಳ ಮುಂದೆಯೇ ಅವಳ ವಿಷಯ ಮಾತಾಡಲು ಶುರು ಮಾಡಿದೆವು, ಮಲಗಿದ ಕೂಸಿನ ಮುಂದೆ ಮಾತಾಡುವ ಹಾಗೆ.

ಟ್ಯಾಬನ್ನು ರೇಣುಕಾ ನನಗೆ ವಾಪಸು ಕೊಟ್ಟಳು. “ಚಾರ್ಜರ್ ಭಾಳ ಸುಡತೈತಿ ಮಾವಾ, ನೋಡ್ರಿ” ಎಂದಿದ್ದಳು. ಬಳ್ಳಾರಿಗೆ ಅಕ್ಕನ ಗುಳಿಗೆ ತರಲು ಹೋದಾಗ ಚೀಲದಲ್ಲಿ ಅದೂ ಇತ್ತು. ಬಂಡಿಯವನು ಅಲ್ಲಿರಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಪದ್ಮಾವತಿಯ ಅಂಗಡಿಗೇ ಹೋದೆ. ಅವಳಿಗೆ ನನ್ನ ಗುರುತು ಸಿಕ್ಕಿತೋ ಇಲ್ಲವೋ, ತೋರಿಸಿಕೊಳ್ಳಲಿಲ್ಲ.

ಚಾರ್ಜರನ್ನು ಕೈಗೆತ್ತಿಕೊಂಡು ತೂಗಿ ನೋಡಿದಳು. ಬೆನ್ನು ತಿರುವಿ ಓದಿದಳು. “ಐದು ವೋಲ್ಟ್, ಎರಡು ಆಂಪಿಯರ್. ಹತ್ತು ವ್ಯಾಟ್ ಆತಲ್ರಿ ಸಾರ್. ಅದೂ ಕೊಡತೈತೋ ಇಲ್ಲೋ.” ಆಮೇಲೆ ಅದನ್ನು ಟ್ಯಾಬಿಗೆ ಚುಚ್ಚಿ, ಬರೆಯುವ ಜಾಗ ತೆರೆದು, ಒಂದೇ ಒಂದು ಅಕ್ಷರದ ಮೇಲೆ ಬೆರಳಿಟ್ಟಳು. ಪರದೆಯ ಮೇಲೆ ಅಕ್ಷರಗಳು ತಾವೇ ಓಡಿದವು. ಕ, ಗ, ಡ, ಡ, ಹ. ಟ್ಯಾಬಿನ ಹೆಂಗಸು ಅವನ್ನೆಲ್ಲ ಓದಿದಳು. ಚಾರ್ಜರು ಕಿತ್ತಳು, ನಿಂತಿತು. ತನ್ನ ಅಂಗಡಿಯದೊಂದು ಚುಚ್ಚಿ ಮತ್ತೆ ಒತ್ತಿದಳು. ಒಂದು ‘ಅ’, ನೆಟ್ಟಗೆ.

“ಟ್ಯಾಬಿಗೇನೂ ಆಗಿಲ್ರಿ. ಈ ಚಾರ್ಜರಿಂದು ಹೊಲಸು ಕರೆಂಟು. ಅದಕ್ಕ ಗ್ಲಾಸಿಗೆ ಯಾವುದು ಬೆರಳು, ಯಾವುದು ಅಲ್ಲ ಅಂತ ತಿಳ್ಯಾಂಗಿಲ್ಲ. ಭಾಳ ಮಂದಿ ಟ್ಯಾಬ್ ಕೆಟ್ಟೈತಿ ಅಂತ ಒಗದ ಬಿಡ್ತಾರ ನೋಡ್ರಿ.”

ಬೆರಳು ಮುಟ್ಟಿದಾಗ ಆಗುವ ಅತಿ ಸಣ್ಣ ವಿದ್ಯುತ್ತಿನ ವ್ಯತ್ಯಾಸದಿಂದಲೇ ಆ ಗಾಜು ಬೆರಳನ್ನು ಗುರುತಿಸುತ್ತದೆ. ನಾನು ಹತ್ತನೆಯ ತರಗತಿಗೆ ಇದನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದ್ದೇನೆ. ಗಲ್ಲಾದ ಮರದ ಅಂಚು ಹಿಡಿದುಕೊಂಡೆ. ಪದ್ಮಾವತಿ ಸ್ಟೂಲು ಎಳೆದು, “ಕುಂದರ್ರಿ ಸಾರ್, ನೀರು ಬೇಕೇನ್ರಿ?” ಎಂದಳು. ಏನಾಯಿತು ಎಂದು ಅವಳಿಗೆ ಹೇಳಿದೆ. ಯಾರಿಗಾದರೂ ಹೇಳಲೇಬೇಕಿತ್ತು. ಅವಳು ಸಮಾಧಾನ ಹೇಳಲಿಲ್ಲ. ವೈರನ್ನು ಸುತ್ತಿ, ಚಾರ್ಜರಿನ ಜೊತೆ ಕೈಗಿಟ್ಟು, “ಮೊದಲು ಹೋಗಿ ಅಕ್ಕನ ಕೈಗೆ ಕೊಡ್ರಿ” ಎಂದಳು.

ಕುರುಗೋಡಿಗೆ ಹೋಗುವ ಬಸ್ಸು ಅವತ್ತು ಎಲ್ಲ ಹಳ್ಳಿಯಲ್ಲೂ ನಿಂತಿತು.

ಅಕ್ಕ ಎಚ್ಚರವಾಗಿದ್ದಳು. ಹೊಸ ಚಾರ್ಜರು ಚುಚ್ಚಿ ಟ್ಯಾಬು ಮುಂದಿಟ್ಟೆ. ಅವಳು ಮುಖ ತಿರುಗಿಸಿದಳು. “ಅಕ್ಕಾ, ಚಾರ್ಜರಿಂದೇ ತಪ್ಪಿತ್ತು. ಒಮ್ಮೆ ಒತ್ತಿ ನೋಡಕ್ಕಾ” ಎಂದೆ. ಬಹಳ ಹೊತ್ತಿನ ಮೇಲೆ ಬೆರಳು ಬಂತು. ಅಕ್ಷರ ಒಂದೊಂದಾಗಿ, ಜಾಗ ತಪ್ಪದೆ ಮೂಡಿದವು. ಟ್ಯಾಬಿನ ಹೆಂಗಸು ಓದಿದಳು.

“ಸೂಜಿ. ಬ್ಯಾಡ. ಅಂದಿದ್ದೆ.”

ರೇಣುಕಾ ಹೊಲಿಗೆ ಯಂತ್ರ ಬಿಟ್ಟು ಎದ್ದು ಬಂದಳು.

“ಬಾಯಿ. ಇರೂತನಕ. ಉಣ್ಣತಿದ್ದೆ.”

ಅಕ್ಕ ಇನ್ನೊಂದು ಸಾಲು ಒತ್ತಿದಳು. “ಎಷ್ಟು. ಸಲ. ತಲಿ. ಅಲ್ಲಾಡಿಸಿದೆ.” ಕೊನೆಯಲ್ಲಿ ಪ್ರಶ್ನೆಯ ಗುರುತು ಹಾಕಿರಲಿಲ್ಲ. ನನಗೆ ಚಾರ್ಜರಿನ ಮೇಲೆ ಹೇರಲು ಇದ್ದದ್ದೆಲ್ಲ ಅಲ್ಲಿಗೆ ಮುಗಿಯಿತು. ಕೆಟ್ಟ ಕರೆಂಟು ಕೆಡಿಸಿದ್ದು ಬರೆದ ಅಕ್ಷರವನ್ನು. ಅಲ್ಲಾಡಿದ ತಲೆಗೆ ಯಾವ ವೈರೂ ಇರಲಿಲ್ಲ. ಮುಚ್ಚಿ ತೆರೆದ ಆ ತುಟಿ ಯಾವ ಮಾತು ಆಡಿತು ಎಂದು ಒಂದನೆಯ ತರಗತಿಯ ಮಗುವೂ ಹೇಳುತ್ತಿತ್ತು.

ಸೂಜಿ ನಿಲ್ಲಿಸಿದೆವು. ಹುಣ್ಣು ಪೂರ್ತಿ ಮಾಯಲಿಲ್ಲ, ಗಂಟು ಒಳಗೆ ಒತ್ತುತ್ತ ನುಂಗುವ ದಾರಿ ಮುಚ್ಚತೊಡಗಿತು. ಕೊನೆಯ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರು ಮೂಗಿನಿಂದ ಹೊಟ್ಟೆಗೆ ಕೊಳವೆ ಹಾಕಬಹುದು ಎಂದರು. ನಾನು ಅಕ್ಕನ ಕಡೆ ತಿರುಗಿದೆ. ಟ್ಯಾಬು ಪೂರ್ತಿ ಚಾರ್ಜಾಗಿತ್ತು, ನನ್ನ ಕೈಯಲ್ಲೇ ಇತ್ತು. ಅವಳು ಅದನ್ನು ನೋಡಲೂ ಇಲ್ಲ. ತಲೆಯನ್ನು ಒಮ್ಮೆ ಅತ್ತ, ಒಮ್ಮೆ ಇತ್ತ ಹೊರಳಿಸಿದಳು. ಮೊದಲಿನ ಹಾಗೆ ಜೋರಾಗಿ ಅಲ್ಲ, ಅಷ್ಟು ಶಕ್ತಿ ಇರಲಿಲ್ಲ.

“ಬ್ಯಾಡ ಅಂತಾಳ್ರಿ” ಎಂದೆ.

“ಬರೆದು ಹೇಳಿದ್ರಾ?”

“ಇಲ್ರಿ. ಹೇಳಿದ್ಲು.”

ಮನೆಗೆ ಕರೆತಂದ ಮೇಲೆ ಹದಿನಾರು ದಿನ ಇದ್ದಳು. ನಾನು ದಿನಾ ಸಿರುಗುಪ್ಪದಿಂದ ಹೋಗಿ ಬರುತ್ತಿದ್ದೆ. ನೋವಿನ ಔಷಧಿಗೆ ಹೆಚ್ಚು ಹೊತ್ತು ಮಂಪರು. ಎಚ್ಚರವಿದ್ದಾಗ ಎರಡು ಮೂರು ಮಾತು ಒತ್ತುತ್ತಿದ್ದಳು: ರೇಣಿಗೆ ಬಾಗಿಲ ಚಿಲಕ ಸರಿಮಾಡಿಸು ಎಂದು, ಫ್ಯಾನು ಸಣ್ಣ ಮಾಡು ಎಂದು. ನನಗೆ ಮಾತ್ರ ಏನೂ ಹೇಳುತ್ತಿರಲಿಲ್ಲ. ಹದಿನಾಲ್ಕನೆಯ ದಿನ ಮಧ್ಯಾಹ್ನ ನಾನು ಎದ್ದು ಚಪ್ಪಲಿ ಹುಡುಕುತ್ತಿದ್ದಾಗ ಹಿಂದಿನಿಂದ ಆ ಏರಿಳಿತವಿಲ್ಲದ ದನಿ ಬಂತು.

“ತಮ್ಮಾ. ನಿನ್ನ. ಮ್ಯಾಲ. ಸಿಟ್ಟು. ಐತಿ.”

ತಿರುಗಿ ಬಂದು ಮಂಚದ ಅಂಚಿಗೆ ಕೂತೆ. “ಇರಲಿ ಅಕ್ಕಾ” ಎಂದೆ.

“ಇರತೈತಿ.”

ಕಣ್ಣು ಮುಚ್ಚಿದಳು. ಮುಗಿಯಿತು ಎಂದುಕೊಂಡು ಏಳಲು ಹೋದೆ. ಬೆರಳು ಮತ್ತೆ ಆಡಿತು, ತಡವರಿಸಿ, ಒಂದು ಅಕ್ಷರ ಅಳಿಸಿ, ಮತ್ತೆ ಆಡಿತು.

“ಉಂಡು. ಹೋಗು.”

ರೇಣುಕಾ ತಾಟು ಹಾಕಿದಳು. ಎರಡು ಜೋಳದ ರೊಟ್ಟಿ, ಪುಂಡಿಪಲ್ಲೆ, ಬೆಳ್ಳುಳ್ಳಿ ಖಾರ, ಮೇಲೊಂದಿಷ್ಟು ಎಣ್ಣೆ. ಅಕ್ಕನಿಗೆ ಕಾಣುವ ಹಾಗೆ ನಡುಮನೆಯಲ್ಲೇ ಕೂತೆ. ಅವಳೇ ಬೆರಳಿನಿಂದ ಜಾಗ ತೋರಿಸಿದ್ದಳು. ಮೊದಲ ತುತ್ತು ಬಾಯಿಗಿಟ್ಟೆ. ನೀರು ಕುಡಿದು ಇಳಿಸಿದೆ. ಅಕ್ಕ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಾನು ಕೈ ನಿಲ್ಲಿಸಿದಾಗಲೆಲ್ಲ ಟ್ಯಾಬು ಹೇಳಿತು, “ಉಂಡು. ಹೋಗು.” ಮತ್ತೆ ಹೇಳಿತು, ಅದೇ ದನಿಯಲ್ಲಿ.

ನಾನು ಎರಡನೆಯ ರೊಟ್ಟಿ ಮುರಿದೆ.